ಎಷ್ಟು ಹೊತ್ತಿಗೆ ಶುರುವಾಯಿತು? ಅಲರ್ಜಿಯ ನಾಲ್ಕು ಬಗೆಗಳು

ಆಸ್ಪತ್ರೆಯಲ್ಲಿ ತುಂಬಲು ಕೊಡುವ ಫಾರ್ಮಿನಲ್ಲಿ ಒಂದು ಸಾಲು ಇರುತ್ತದೆ: "ಯಾವುದಾದರೂ ಔಷಧಿಗೆ ಅಲರ್ಜಿ ಇದೆಯೇ?" ಹಲವರು ಹೆಚ್ಚು ಯೋಚಿಸದೆ "ಇಲ್ಲ" ಎಂದು ಗೀಚುತ್ತಾರೆ. ಕೆಲವರು ಚಿಕ್ಕಂದಿನಲ್ಲಿ ಮನೆಯವರು ಹೇಳಿದ್ದನ್ನು ನೆನಪಿಸಿಕೊಂಡು "ಪೆನಿಸಿಲಿನ್" ಎಂದು ಬರೆಯುತ್ತಾರೆ. ಹಾಗೆ ಬರೆದವರನ್ನು ಅನುಭವಿ ವೈದ್ಯರು ಎರಡು ಪ್ರಶ್ನೆ ಕೇಳುತ್ತಾರೆ. ಏನಾಯಿತು? ಔಷಧಿ ತೆಗೆದುಕೊಂಡ ಎಷ್ಟು ಹೊತ್ತಿಗೆ ಆಯಿತು?

ಮೊದಲನೆಯ ಪ್ರಶ್ನೆ ಸಹಜ. ಎರಡನೆಯದಕ್ಕೆ ಬಹಳ ಮಂದಿ ತಬ್ಬಿಬ್ಬಾಗುತ್ತಾರೆ, ಯಾಕೆಂದರೆ ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆದರೆ ಹತ್ತು ನಿಮಿಷಕ್ಕೆ ಮೈಯೆಲ್ಲ ಗಂಧೆ ಎದ್ದದ್ದಕ್ಕೂ ಹತ್ತು ದಿನಕ್ಕೆ ಕೀಲು ನೋವು ಬಂದದ್ದಕ್ಕೂ ನಾವು ಇಡುವ ಹೆಸರು ಒಂದೇ, "ಅಲರ್ಜಿ". ದೇಹದೊಳಗೆ ನಡೆದಿರುವುದು ಮಾತ್ರ ಬೇರೆ ಬೇರೆ. ಒಂದಕ್ಕೆ ಜೀವ ಉಳಿಸುವ ಮದ್ದು ಇನ್ನೊಂದಕ್ಕೆ ಉಪಯೋಗಕ್ಕೇ ಬರುವುದಿಲ್ಲ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ನಮ್ಮ ರೋಗನಿರೋಧಕ ವ್ಯವಸ್ಥೆಯ ಕೆಲಸ ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ನಾಶ ಮಾಡುವುದು. ಅದು ಗುರುತಿಸುವ ವಸ್ತುವಿಗೆ ಪ್ರತಿಜನಕ ಎನ್ನುತ್ತಾರೆ. ಅದಕ್ಕೆ ಅಂಟಿಕೊಳ್ಳಲೆಂದು ದೇಹ ತಯಾರಿಸುವ ಪ್ರೋಟೀನು ಪ್ರತಿಕಾಯ. ಪ್ರತಿಕಾಯಗಳಲ್ಲಿ ಐಜಿಜಿ, ಐಜಿಎಂ, ಐಜಿಇ ಮುಂತಾದ ಬಗೆಗಳಿವೆ. ಪ್ರತಿಕಾಯಗಳ ಜೊತೆಗೆ ಟಿ ಕೋಶಗಳೆಂಬ ಬಿಳಿ ರಕ್ತಕಣಗಳೂ ಕೆಲಸ ಮಾಡುತ್ತವೆ.

ಈ ವ್ಯವಸ್ಥೆ ಕೆಲವೊಮ್ಮೆ ಹೂವಿನ ಪರಾಗ, ಕಡಲೇಕಾಯಿಯ ಪ್ರೋಟೀನು, ಮಾತ್ರೆಯ ಒಂದು ತುಣುಕಿನಂಥ ನಿರುಪದ್ರವಿ ವಸ್ತುವಿನ ಮೇಲೆ ಬ್ರಹ್ಮಾಸ್ತ್ರ ಬಿಡುತ್ತದೆ. ಕೆಲವೊಮ್ಮೆ ಸ್ವಂತ ಅಂಗಾಂಶದ ಮೇಲೇ ಬಿಡುತ್ತದೆ. ಗುಬ್ಬಿಯಿಂದ ಆಗುವ ಹಾನಿ ಏನೂ ಇಲ್ಲ, ಅಸ್ತ್ರದಿಂದ ಆಗುವುದೇ ಎಲ್ಲ. ಇದಕ್ಕೆ ವೈದ್ಯರ ಮಾತಿನಲ್ಲಿ ಅತಿಸಂವೇದನೆ ಎಂದು ಹೆಸರು.

ಒಂದು ವಿಷಯ ಮೊದಲೇ ತಿಳಿದಿರಲಿ. ಸಾಮಾನ್ಯವಾಗಿ ಮೊದಲ ಸಲಕ್ಕೇ ಅಲರ್ಜಿ ಆಗುವುದಿಲ್ಲ. ಮೊದಲ ಭೇಟಿಯಲ್ಲಿ ದೇಹ ಆ ವಸ್ತುವನ್ನು ಸದ್ದಿಲ್ಲದೆ ಗುರುತು ಹಾಕಿಕೊಳ್ಳುತ್ತದೆ, ರಂಪ ಮುಂದಿನ ಭೇಟಿಯಲ್ಲಿ. "ಹೋದ ಸಲ ಇದೇ ಮಾತ್ರೆ ನುಂಗಿದ್ದೆ, ಏನೂ ಆಗಲಿಲ್ಲವಲ್ಲ" ಎಂಬ ವಾದ ಅದಕ್ಕೇ ನಿಲ್ಲುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರೆಲ್ಲ ಅಲರ್ಜಿಯವರಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆ ಇದ್ದರೆ ಹಾಗಾಗುತ್ತದೆ, ರೋಗನಿರೋಧಕ ವ್ಯವಸ್ಥೆಗೂ ಅದಕ್ಕೂ ಸಂಬಂಧವಿಲ್ಲ. ಹಾಲಿನ ಪ್ರೋಟೀನಿಗೆ ನಿಜವಾಗಿ ಅಲರ್ಜಿ ಇರುವ ಮಗುವಿಗೆ ಒಂದು ಗುಟುಕೂ ಅಪಾಯ ತರಬಹುದು. ಒಗ್ಗದಿರುವುದು ಬೇರೆ, ಅಲರ್ಜಿ ಬೇರೆ.

"ಅಲರ್ಜಿ" ಪದವನ್ನು 1906ರಲ್ಲಿ ಕಟ್ಟಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. 1963ರಲ್ಲಿ ಬ್ರಿಟನ್ನಿನ ಫಿಲಿಪ್ ಜೆಲ್ ಮತ್ತು ರಾಬಿನ್ ಕೂಂಬ್ಸ್ ಈ ಪ್ರತಿಕ್ರಿಯೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆ ಎಲ್ಲ ಕಡೆಯೂ ಸರಿಹೊಂದುವುದಿಲ್ಲ. 2023ರಲ್ಲಿ ಯುರೋಪಿನ ಅಲರ್ಜಿ ತಜ್ಞರು ಅದನ್ನು ಏಳಕ್ಕೆ ಹಿಗ್ಗಿಸಿದ್ದಾರೆ. ಆದರೂ ವಿಷಯದೊಳಗೆ ಕಾಲಿಡಲು ಆ ಹಳೆಯ ನಾಲ್ಕು ಬಾಗಿಲುಗಳೇ ಅನುಕೂಲ.

ಮೊದಲ ಬಗೆ: ನಿಮಿಷಗಳ ಲೆಕ್ಕ

ಜನ ಸಾಮಾನ್ಯವಾಗಿ ಅಲರ್ಜಿ ಎನ್ನುವುದು ಇದಕ್ಕೇ. ಇಲ್ಲಿನ ಪಾತ್ರಧಾರಿ ಐಜಿಇ ಪ್ರತಿಕಾಯ. ರಕ್ತದಲ್ಲಿ ಇದರ ಪ್ರಮಾಣ ಎಷ್ಟು ಕಡಿಮೆಯೆಂದರೆ, 1960ರ ದಶಕದ ಕೊನೆಯವರೆಗೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಮೆರಿಕದಲ್ಲಿ ಇಶಿಝಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್, ಬೇರೆ ಬೇರೆಯಾಗಿ ಹುಡುಕುತ್ತ ಅದನ್ನೇ ತಲುಪಿದರು.

ಚರ್ಮ, ಮೂಗು, ಶ್ವಾಸನಾಳ, ಕರುಳಿನ ಒಳಪದರಗಳಲ್ಲಿ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿವೆ. ಅವುಗಳೊಳಗೆ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಚೀಲಗಳು. ಮೊದಲ ಭೇಟಿಯಲ್ಲಿ ತಯಾರಾದ ಐಜಿಇ ಬಂದು ಈ ಕೋಶಗಳ ಮೈಮೇಲೆ ಅಂಟಿ ಕೂರುತ್ತದೆ. ಒಡ್ಡಿಟ್ಟ ಇಲಿಬೋನಿನ ಹಾಗೆ ಅದು ವಾರಗಟ್ಟಲೆ ಸುಮ್ಮನೆ ಕಾಯುತ್ತದೆ. ಅದೇ ವಸ್ತು ಮತ್ತೆ ಬಂದು ಎರಡು ಐಜಿಇಗಳನ್ನು ಒಟ್ಟಿಗೆ ಎಳೆದರೆ ಸಾಕು, ಬೋನು ಬೀಳುತ್ತದೆ. ಚೀಲಗಳು ಒಡೆದು ಹಿಸ್ಟಮಿನ್ ಹೊರಚೆಲ್ಲುತ್ತದೆ. ಎಲ್ಲ ಮೊದಲೇ ಸಿದ್ಧವಿರುವುದರಿಂದ ಇಷ್ಟಾಗಲು ಬೇಕಾಗುವುದು ನಿಮಿಷಗಳು ಮಾತ್ರ.

ಹಿಸ್ಟಮಿನ್ ಮಾಡುವ ಕೆಲಸವನ್ನು ಸೊಳ್ಳೆ ಕಚ್ಚಿದ ಜಾಗದಲ್ಲಿ ನೋಡಿದ್ದೇವೆ: ಸಣ್ಣ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಜಾಗ ಕೆಂಪಾಗಿ ಉಬ್ಬುತ್ತದೆ, ತುರಿಸುತ್ತದೆ. ಇದೇ ಮೂಗಿನಲ್ಲಾದರೆ ಸೀನು, ನೆಗಡಿ. ಶ್ವಾಸನಾಳದಲ್ಲಾದರೆ ಉಬ್ಬಸ. ಕೆಲವು ಗಂಟೆ ಕಳೆದ ಮೇಲೆ ಬೇರೆ ಬಿಳಿ ರಕ್ತಕಣಗಳು ಬಂದು ಸೇರುವುದರಿಂದ ಎರಡನೆಯ ಅಲೆಯೂ ಏಳಬಹುದು.

ಇದೆಲ್ಲ ಇಡೀ ಮೈಯಲ್ಲಿ ಒಮ್ಮೆಲೇ ಆದರೆ ಅದು ಅನಾಫಿಲಾಕ್ಸಿಸ್. ಹೆಸರಿನ ಕಥೆ ಸ್ವಾರಸ್ಯಕರ. ಮೊನಾಕೊದ ರಾಜಕುಮಾರ ಮೊದಲನೇ ಆಲ್ಬರ್ಟನ ಹಡಗಿನಲ್ಲಿ 1901ರಲ್ಲಿ ಹೊರಟ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಗಳ ವಿಷವನ್ನು ಅಭ್ಯಾಸ ಮಾಡುತ್ತಿದ್ದರು. ಆಮೇಲೆ ಪ್ಯಾರಿಸ್ಸಿನಲ್ಲಿ ನಾಯಿಗಳಿಗೆ ಆ ಬಗೆಯ ವಿಷವನ್ನು ಸ್ವಲ್ಪ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರು. ಅಭ್ಯಾಸವಾಗಿ ಸಹಿಸಿಕೊಂಡಾವು ಎಂಬುದು ನಿರೀಕ್ಷೆ. ಮೊದಲ ಸಲ ಏನೂ ಆಗದಿದ್ದ ನಾಯಿ ಎರಡನೇ ಸಲ ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆಗೆ ತದ್ವಿರುದ್ಧ ಎಂಬ ಅರ್ಥದಲ್ಲಿ ಅವರು ಅನಾಫಿಲಾಕ್ಸಿಸ್ ಎಂಬ ಪದ ಕಟ್ಟಿದರು. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಅನಾಫಿಲಾಕ್ಸಿಸ್ ಆದಾಗ ಮಾಡಬೇಕಾದ್ದು

ಲೇಖನದ ಉಳಿದ ಭಾಗವನ್ನು ಮರೆತರೂ ನಡೆದೀತು, ಇದೊಂದು ನೆನಪಿರಲಿ. ಔಷಧಿ, ಆಹಾರ ಅಥವಾ ಜೇನುಹುಳದ ಕಡಿತದ ಬೆನ್ನಲ್ಲೇ ಗಂಧೆ ಎದ್ದು, ಅದರ ಜೊತೆಗೆ ಉಸಿರು ಕಟ್ಟುವುದು, ದನಿ ಗೊಗ್ಗರಾಗುವುದು, ನಾಲಿಗೆ ಊದುವುದು, ಬಿಡದೆ ವಾಂತಿ, ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು ಇದ್ದರೆ ಅದನ್ನು ಅನಾಫಿಲಾಕ್ಸಿಸ್ ಎಂದೇ ತಿಳಿಯಬೇಕು. ಮೈಮೇಲೆ ಒಂದೂ ಗಂಧೆ ಏಳದೆಯೂ ಇದು ಆಗಬಹುದು.

ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ಚುಚ್ಚಬೇಕು. ವೈದ್ಯರು ದೇಹತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ, ದೊಡ್ಡವರಿಗೆ ಗರಿಷ್ಠ 0.5 ಮಿಲಿಗ್ರಾಂವರೆಗೆ ಕೊಡುತ್ತಾರೆ. ಸುಧಾರಿಸದಿದ್ದರೆ 5ರಿಂದ 15 ನಿಮಿಷಕ್ಕೆ ಮತ್ತೊಮ್ಮೆ. ಅಡ್ರಿನಲಿನ್ ಹಿಗ್ಗಿದ ರಕ್ತನಾಳಗಳನ್ನು ಬಿಗಿಯಿಸಿ ಇಳಿದ ರಕ್ತದೊತ್ತಡವನ್ನು ಏರಿಸುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಹಿಸ್ಟಮಿನ್ ಸುರಿಯದಂತೆ ತಡೆಯುತ್ತದೆ. ಮೂರು ಕೆಲಸವನ್ನೂ ಒಟ್ಟಿಗೆ ಮಾಡುವ ಬೇರೆ ಔಷಧಿ ಇಲ್ಲ. ಅಪಾಯವಿದೆಯೆಂದು ಗೊತ್ತಿರುವವರಿಗೆ ತಾವೇ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನವನ್ನು ವೈದ್ಯರು ಬರೆದುಕೊಡುತ್ತಾರೆ. ಮೂಗಿಗೆ ಹೊಡೆದುಕೊಳ್ಳುವ ಅಡ್ರಿನಲಿನ್ ಸ್ಪ್ರೇಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿತು.

ಬಹಳ ಕಡೆ ತಪ್ಪುವುದು ಇಲ್ಲೇ: "ಮೊದಲು ಒಂದು ಅಲರ್ಜಿ ಮಾತ್ರೆ ಕೊಟ್ಟು ನೋಡೋಣ." ಸೆಟ್ರಿಝಿನ್‌ನಂಥ ಮಾತ್ರೆ ತುರಿಕೆ ತಗ್ಗಿಸುತ್ತದೆ ನಿಜ, ಆದರೆ ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ, ಕುಸಿದ ಬಿಪಿಯನ್ನು ಏರಿಸುವುದಿಲ್ಲ. ಸ್ಟೀರಾಯ್ಡ್ ಚುಚ್ಚಿದರೂ ಅದರ ಪರಿಣಾಮಕ್ಕೆ ಗಂಟೆಗಳು ಬೇಕು. ಅಷ್ಟು ಹೊತ್ತು ಕೈಯಲ್ಲಿರುವುದಿಲ್ಲ.

ಮತ್ತೊಂದು ತಪ್ಪು, ರೋಗಿಯನ್ನು ಎಬ್ಬಿಸಿ ನಡೆಸುವುದು. ಬಿಪಿ ಕುಸಿದಿರುವಾಗ ಎದ್ದು ನಿಂತರೆ ಹೃದಯಕ್ಕೆ ಮರಳುವ ರಕ್ತ ಒಮ್ಮೆಲೇ ಕಡಿಮೆಯಾಗಿ ಪ್ರಾಣ ಹೋದದ್ದುಂಟು. ಮಲಗಿಸಿ ಕಾಲನ್ನು ಸ್ವಲ್ಪ ಎತ್ತರಿಸಬೇಕು. ಉಸಿರಾಟಕ್ಕೆ ಕಷ್ಟವಿದ್ದರೆ ಕೂರಿಸಬಹುದು, ನಿಲ್ಲಿಸಬಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಿಸಿಕೊಳ್ಳುವುದು ಎರಡನೆಯ ಅಲೆಯ ಭಯದಿಂದ.

ದಿನನಿತ್ಯದ ಅಲರ್ಜಿಗೆ

ಸೀನು, ಗಂಧೆ, ಕಣ್ಣು ತುರಿಕೆಯಂಥ ಸೌಮ್ಯ ತೊಂದರೆಗೆ ಹಿಸ್ಟಮಿನ್ ತಡೆಯುವ ಮಾತ್ರೆ ಸಾಕಾಗುತ್ತದೆ. ಮೂಗಿನದು ಪದೇ ಪದೇ ಕಾಡಿದರೆ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಇನ್ನೂ ಮೇಲು. ಕಾರಣ ಪತ್ತೆಗೆ ಚರ್ಮದ ಮೇಲೆ ಆಯಾ ವಸ್ತುವಿನ ಒಂದೊಂದು ಹನಿ ಇಟ್ಟು ಸೂಜಿಮೊನೆಯಿಂದ ಗೀರಿ, 15ರಿಂದ 20 ನಿಮಿಷಕ್ಕೆ ಉಬ್ಬು ಎಷ್ಟಿದೆಯೆಂದು ಅಳೆಯುತ್ತಾರೆ. ಉಬ್ಬಿದ ಮಾತ್ರಕ್ಕೆ ರೋಗವಿದೆ ಎಂದಲ್ಲ. ರೋಗಿಯ ಅನುಭವವೂ ಅದಕ್ಕೆ ತಾಳೆಯಾಗಬೇಕು. ಇದನ್ನು ಮರೆತು, ಪರೀಕ್ಷೆಯ ಪಟ್ಟಿ ನೋಡಿಯೇ ಹತ್ತಾರು ಆಹಾರ ಬಿಟ್ಟು ಸೊರಗುವವರಿದ್ದಾರೆ.

ಬೋನನ್ನೇ ಮೆಲ್ಲಗೆ ಬಿಚ್ಚುವ ದಾರಿಯೂ ಇದೆ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತ ಚುಚ್ಚಿ, ಹೇ ಫೀವರ್ ತಗ್ಗುವುದನ್ನು ತೋರಿಸಿದರು. ಈಗಲೂ ಅದೇ ತತ್ತ್ವದ ಚುಚ್ಚುಮದ್ದು, ನಾಲಿಗೆಯಡಿ ಇಡುವ ಮಾತ್ರೆ ಬಳಕೆಯಲ್ಲಿವೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ತೆಗೆದುಕೊಳ್ಳಬೇಕು. ರಕ್ತದಲ್ಲಿರುವ ಐಜಿಇಯನ್ನೇ ಹಿಡಿದುಹಾಕುವ ಓಮಲಿಝುಮ್ಯಾಬ್ ಎಂಬ ಔಷಧಿ 2003ರಿಂದ ತೀವ್ರ ಉಬ್ಬಸಕ್ಕೆ ಇದೆ. ಆಹಾರದ ಅಲರ್ಜಿಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು.

ಮಕ್ಕಳ ವಿಷಯದಲ್ಲಿ ತಜ್ಞರ ಸಲಹೆಯೇ ಈಗ ತಿರುಗುಮುರುಗಾಗಿದೆ. ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಎಳೆಮಕ್ಕಳನ್ನು ಕಡಲೇಕಾಯಿಯಿಂದ ದೂರವಿಡಿ ಎನ್ನುತ್ತಿದ್ದರು. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಒಂದು ವರ್ಷ ತುಂಬುವ ಮೊದಲೇ ತಿನ್ನಲು ಶುರುಮಾಡಿದ ಮಕ್ಕಳಲ್ಲಿ ಐದು ವರ್ಷದ ಹೊತ್ತಿಗೆ ಆ ಅಲರ್ಜಿ ಶೇ. 80ರಷ್ಟು ಕಡಿಮೆ ಕಂಡಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಕೂಸಿಗೆ ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು. ಎಳೆಯ ಮಗುವಿಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅರೆದ ರೂಪದಲ್ಲೇ ಕೊಡುವುದು.

ಎರಡನೆಯ ಬಗೆ: ತಪ್ಪು ಮನೆಗೆ ಬಿದ್ದ ಗುರುತು

ರಸ್ತೆ ಅಗಲ ಮಾಡುವಾಗ ಕೆಡವಬೇಕಾದ ಮನೆಗಳಿಗೆ ಕೆಂಪು ಗುರುತು ಹಾಕುತ್ತಾರೆ. ಕೆಡವುವವರು ಗುರುತು ನೋಡುತ್ತಾರೆಯೇ ಹೊರತು ಮನೆ ಯಾರದೆಂದು ಕೇಳುವುದಿಲ್ಲ. ಐಜಿಜಿ ಅಥವಾ ಐಜಿಎಂ ಪ್ರತಿಕಾಯ ಒಂದು ಜೀವಕೋಶದ ಮೈಗೆ ಅಂಟಿದರೆ ಅದೂ ಅಂಥ ಗುರುತೇ. ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ತಂಡವೋ ನುಂಗುವ ಕೋಶಗಳೋ ಬಂದು ಆ ಕೋಶವನ್ನು ಮುಗಿಸುತ್ತವೆ.

ಗುಂಪು ಹೊಂದದ ರಕ್ತ ಕೊಟ್ಟಾಗ ಆಗುವುದು ಇದು. ಇಲ್ಲಿ ಗಡಿಯಾರ ಅಷ್ಟು ನೆಚ್ಚುವಂಥದ್ದಲ್ಲ: ತಪ್ಪು ರಕ್ತಕ್ಕೆ ನಿಮಿಷಗಳಲ್ಲೇ ಚಳಿಜ್ವರ, ಸೊಂಟನೋವು, ಕೆಂಪು ಮೂತ್ರ ಶುರುವಾದರೆ, ಔಷಧಿಯಿಂದ ಕೆಂಪು ರಕ್ತಕಣಗಳು ಒಡೆಯಲು ದಿನಗಳೇ ಹಿಡಿಯಬಹುದು. ರಕ್ತ ಕೊಡುವಾಗ ತೊಂದರೆ ಕಂಡ ಕ್ಷಣ ಮಾಡಬೇಕಾದ್ದು ರಕ್ತವನ್ನು ನಿಲ್ಲಿಸುವುದು. ಸೂಜಿ ತೆಗೆಯದೆ ಸಲೈನ್ ಹರಿಸಿ, ಚೀಲದ ಮೇಲಿನ ಹೆಸರು ಮತ್ತು ಗುಂಪನ್ನು ಮತ್ತೆ ತಾಳೆ ನೋಡುತ್ತಾರೆ.

ತಾಯಿ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್ ಆದಾಗಲೂ ಇದೇ ತೊಂದರೆ, ಅದೂ ಸಾಮಾನ್ಯವಾಗಿ ಎರಡನೆಯ ಬಸುರಿನಿಂದ. ಮೊದಲ ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರಿ ಅಲ್ಲಿ ಗುರುತು ತಯಾರಾಗಿರುತ್ತದೆ. 1968ರಿಂದ ಬಳಕೆಯಲ್ಲಿರುವ ಆಂಟಿ-ಡಿ ಚುಚ್ಚುಮದ್ದನ್ನು ಬಸುರಿನ 28ನೇ ವಾರದ ಸುಮಾರಿಗೆ ಮತ್ತು ಹೆರಿಗೆಯಾದ 72 ಗಂಟೆಯೊಳಗೆ ಕೊಟ್ಟರೆ ಆ ಗುರುತೇ ಹುಟ್ಟುವುದಿಲ್ಲ. ಇಷ್ಟು ಸರಳವಾಗಿ ತಡೆಯಬಹುದಾದ ಅತಿಸಂವೇದನೆ ಮತ್ತೊಂದಿಲ್ಲ ಎನ್ನಬೇಕು.

ಪ್ರತಿಕಾಯ ಎಲ್ಲ ಸಲವೂ ಕೋಶವನ್ನು ಕೊಲ್ಲುವುದಿಲ್ಲ. ಗ್ರೇವ್ಸ್ ಕಾಯಿಲೆಯಲ್ಲಿ ಅದು ಥೈರಾಯ್ಡಿನ ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆ, ಗ್ರಂಥಿ ನಿಲ್ಲದೆ ದುಡಿಯುತ್ತದೆ. ಮಯಸ್ತೇನಿಯಾ ಗ್ರಾವಿಸ್‌ನಲ್ಲಿ ನರದ ಸಂದೇಶ ಸ್ನಾಯುವನ್ನು ಮುಟ್ಟದಂತೆ ಅಡ್ಡ ನಿಲ್ಲುತ್ತದೆ, ಸಂಜೆಯ ಹೊತ್ತಿಗೆ ರೆಪ್ಪೆ ಎತ್ತಲಾಗುವುದಿಲ್ಲ. ಇಂಥವಕ್ಕೆ ಅಲರ್ಜಿ ಮಾತ್ರೆ ವ್ಯರ್ಥ. ಕಾರಣವಾದ ಔಷಧಿ ಇದ್ದರೆ ನಿಲ್ಲಿಸಿ, ಕಾಯಿಲೆಗೆ ತಕ್ಕಂತೆ ಸ್ಟೀರಾಯ್ಡ್, ಪ್ರತಿಕಾಯ ತಯಾರಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಕೊಡುತ್ತಾರೆ. ತುರ್ತಿದ್ದರೆ ಪ್ಲಾಸ್ಮಾವನ್ನೇ ಬದಲಿಸಿ ಪ್ರತಿಕಾಯಗಳನ್ನು ಹೊರಹಾಕುತ್ತಾರೆ.

ಮೂರನೆಯ ಬಗೆ: ಸೋಸುವಲ್ಲಿ ಕಟ್ಟಿಕೊಂಡ ಗಸಿ

ಪ್ರತಿಜನಕ ರಕ್ತದಲ್ಲಿ ತೇಲುತ್ತಿರುವಾಗಲೇ ಪ್ರತಿಕಾಯ ಬಂದು ಅಂಟಿದರೆ ಸಣ್ಣ ಗಂಟುಗಳಾಗುತ್ತವೆ. ಸಾಮಾನ್ಯವಾಗಿ ದೇಹ ಇವನ್ನು ಗುಡಿಸಿ ಹಾಕುತ್ತದೆ. ವಿಪರೀತವಾದರೆ ಗಸಿಯ ಹಾಗೆ ಹರಿದು, ಸೋಸುವ ಜಾಗಗಳಾದ ಮೂತ್ರಪಿಂಡ, ಕೀಲು, ಚರ್ಮದ ಸಣ್ಣ ರಕ್ತನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಉರಿಯೂತ ಎದ್ದು ಸುತ್ತಲಿನ ಅಂಗಾಂಶ ಹಾಳಾಗುತ್ತದೆ.

ಗಡಿಯಾರ ಇಲ್ಲಿ ವಾರದ್ದು. ಗಂಟಲಮಾರಿಗೆ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ ಕೊಡುತ್ತಿದ್ದ ಕಾಲದಲ್ಲಿ, ಮಕ್ಕಳು ಗುಣವಾದ ಮೇಲೆ ಒಂದೆರಡು ವಾರಕ್ಕೆ ಜ್ವರ, ದದ್ದು, ಕೀಲುನೋವು ಹಿಡಿದು ಮತ್ತೆ ಮಲಗುತ್ತಿದ್ದರು. ಪಿರ್ಕೆ ಮತ್ತು ಬೆಲಾ ಶಿಕ್ 1905ರಲ್ಲಿ ಇದಕ್ಕೆ ಸೀರಂ ಕಾಯಿಲೆ ಎಂದು ಹೆಸರಿಟ್ಟು ವಿವರಿಸಿದರು. ಹಾವಿನ ವಿಷಕ್ಕೆ ಕೊಡುವ ಮದ್ದು ಈಗಲೂ ಹೆಚ್ಚಾಗಿ ಕುದುರೆಯ ಪ್ರತಿಕಾಯದಿಂದಲೇ ಆಗುವುದರಿಂದ, ಅದನ್ನು ಪಡೆದವರಿಗೆ ಎರಡು ಗಡಿಯಾರ ನಡೆಯುತ್ತಿರುತ್ತವೆ: ಮೊದಲ ಗಂಟೆಯಲ್ಲಿ ಅನಾಫಿಲಾಕ್ಸಿಸ್ ಥರದ ಪ್ರತಿಕ್ರಿಯೆಯ ಭಯ, ಮನೆಗೆ ಹೋದ ಮೇಲೆ 5ರಿಂದ 14 ದಿನದೊಳಗೆ ಸೀರಂ ಕಾಯಿಲೆಯ ಸಾಧ್ಯತೆ. ಈ ಎರಡನೆಯದನ್ನು ಹೇಳದೆ ಕಳಿಸಿದರೆ ರೋಗಿ ಅದನ್ನು ಹೊಸ ಜ್ವರವೆಂದು ಬೇರೆಲ್ಲೋ ತೋರಿಸುತ್ತಾನೆ.

ಸೀರಂ ಕಾಯಿಲೆ ಹೆಚ್ಚಾಗಿ ತಾನೇ ಇಳಿಯುತ್ತದೆ. ನೋವಿಗೆ, ತುರಿಕೆಗೆ ಮಾತ್ರೆ, ಜೋರಿದ್ದರೆ ಕೆಲವು ದಿನ ಸ್ಟೀರಾಯ್ಡ್. ಸ್ವಂತ ದೇಹವೇ ಪ್ರತಿಜನಕವಾಗುವ ಲೂಪಸ್‌ನಲ್ಲಿ ಗಸಿ ನಿರಂತರ. ಅದಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು ದೀರ್ಘಕಾಲ ಬೇಕು. ಮೂತ್ರ ಪರೀಕ್ಷೆಯನ್ನು ಪದೇ ಪದೇ ಮಾಡಿಸುವುದು ಮೂತ್ರಪಿಂಡದಲ್ಲಿ ಗಸಿ ಕಟ್ಟಿದೆಯೇ ಎಂದು ನೋಡಲು.

ನಾಲ್ಕನೆಯ ಬಗೆ: ಎರಡು ದಿನ ಬಿಟ್ಟು ಬರುವ ತುರಿಕೆ

ಕೆಲವು ವರ್ಷದ ಹಿಂದೆ ನನ್ನ ಹೊಕ್ಕುಳ ಕೆಳಗೆ ರೂಪಾಯಿಯಗಲದ ಒಂದು ಕೆಂಪು ಕಲೆ ಎದ್ದಿತು. ತುರಿಸಿ ತುರಿಸಿ ನೀರೊಡೆಯಿತು. ಸೋಪು ಬದಲಿಸಿದೆ, ತಿನ್ನುವುದು ಬದಲಿಸಿದೆ, ಹುಳುಕಡ್ಡಿ ಮುಲಾಮು ಹಚ್ಚಿದೆ. ಕೊನೆಗೆ ಚರ್ಮದ ವೈದ್ಯರು ಕಲೆ ನೋಡುವ ಮೊದಲೇ ನನ್ನ ಜೀನ್ಸ್ ಗುಂಡಿಯ ಹಿಂಬದಿಯನ್ನು ನೋಡಿದರು. ಕಾರಣ ನಿಕ್ಕಲ್. ಆ ಪ್ಯಾಂಟು ಹಾಕಿದ ದಿನ ಏನೂ ಆಗುತ್ತಿರಲಿಲ್ಲ, ತುರಿಕೆ ಜೋರಾಗುತ್ತಿದ್ದುದು ಎರಡು ದಿನ ಬಿಟ್ಟು, ನಾನು ಬೇರೆ ಪ್ಯಾಂಟಿನಲ್ಲಿದ್ದಾಗ. ಕಳ್ಳ ಸಿಕ್ಕದಿದ್ದುದು ಅದಕ್ಕೇ.

ಈ ಬಗೆಯಲ್ಲಿ ಪ್ರತಿಕಾಯಗಳ ಪಾತ್ರ ಮುಖ್ಯವಲ್ಲ. ಟಿ ಕೋಶಗಳು ಖುದ್ದಾಗಿ ಜಾಗಕ್ಕೆ ಬಂದು, ಗುಂಪು ಕಟ್ಟಿ, ಉಳಿದವರನ್ನು ಕರೆಸಬೇಕು. ಅದಕ್ಕೆ 48ರಿಂದ 72 ಗಂಟೆ ಹಿಡಿಯುತ್ತದೆ. ಬೆವರಿಗೆ ಕರಗಿದ ನಿಕ್ಕಲ್ ಚರ್ಮದ ಪ್ರೋಟೀನಿಗೆ ಅಂಟಿದಾಗ ಟಿ ಕೋಶಕ್ಕೆ ಅದು ಹೊಸಬನಂತೆ ಕಾಣುತ್ತದೆ. ತಲೆಗೂದಲಿನ ಬಣ್ಣ, ರಬ್ಬರಿನ ರಾಸಾಯನಿಕ, ಸುಗಂಧ, ಸಿಮೆಂಟಿನ ಕ್ರೋಮಿಯಂ ಕೂಡ ಹೀಗೆಯೇ.

ಟಿಬಿ ಸೋಂಕು ತಿಳಿಯಲು ಮಾಡುವ ಮಾಂಟೂ ಪರೀಕ್ಷೆ ಈ ನಿಧಾನವನ್ನೇ ಬಳಸಿಕೊಳ್ಳುತ್ತದೆ. ಮೊಣಕೈ ಕೆಳಗೆ ಚುಚ್ಚಿ, ಎರಡು ಮೂರು ದಿನ ಬಿಟ್ಟು ಬರಹೇಳುತ್ತಾರೆ. ಅಂದು ಕೆಂಪನ್ನು ಅಳೆಯುವುದಿಲ್ಲ. ಬೆರಳಾಡಿಸಿ, ಗಟ್ಟಿಯಾದ ಅಂಚು ಎಲ್ಲಿ ಸಿಗುತ್ತದೋ ಅಲ್ಲಿ ಪೆನ್ನಿನ ಗುರುತು ಹಾಕಿ, ಅಷ್ಟನ್ನೇ ಅಳೆಯುತ್ತಾರೆ. ಆ ಗಟ್ಟಿತನವೇ ಬಂದು ಸೇರಿದ ಕೋಶಗಳ ಜಾತ್ರೆ.

ಚರ್ಮದ ಅಲರ್ಜಿಗೆ ಕಾರಣ ಹುಡುಕಲು ಬೆನ್ನಿಗೆ ಪ್ಯಾಚ್ ಅಂಟಿಸಿ, ಎರಡು ದಿನಕ್ಕೆ ಕಿತ್ತು, ಮತ್ತೆ ಮೂರನೆಯ ಅಥವಾ ನಾಲ್ಕನೆಯ ದಿನ ನೋಡುತ್ತಾರೆ. ಹಿಸ್ಟಮಿನ್ ಇಲ್ಲಿ ಮುಖ್ಯವಲ್ಲದ್ದರಿಂದ ಅಲರ್ಜಿ ಮಾತ್ರೆಯಿಂದ ಅಷ್ಟೇನೂ ಪ್ರಯೋಜನವಿಲ್ಲ. ಸ್ಟೀರಾಯ್ಡ್ ಮುಲಾಮು ಇಳಿಸುತ್ತದೆ, ವಸ್ತುವನ್ನು ಬಿಟ್ಟರೆ ಮಾತ್ರ ಪೂರ್ತಿ ಹೋಗುತ್ತದೆ. ನಿಕ್ಕಲ್ ಇದೆಯೇ ಎಂದು ನೋಡಲು ಡೈಮಿಥೈಲ್‌ಗ್ಲೈಆಕ್ಸಿಮ್ ದ್ರಾವಣದ ಕಿಟ್ ಸಿಗುತ್ತದೆ. ಅದರಲ್ಲಿ ನೆನೆದ ಹತ್ತಿಯಿಂದ ಲೋಹವನ್ನು ಉಜ್ಜಿದಾಗ ಗುಲಾಬಿ ಬಣ್ಣ ಬಂದರೆ ನಿಕ್ಕಲ್ ಬಿಡುತ್ತಿದೆ ಎಂದು ಅರ್ಥ. ನನ್ನ ಗುಂಡಿ ಚೆನ್ನಾಗಿಯೇ ಗುಲಾಬಿಯಾಯಿತು.

ಈ ಬಗೆಯ ಭೀಕರ ರೂಪ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಹೊಸ ಔಷಧಿ ಶುರುಮಾಡಿದ ಒಂದರಿಂದ ನಾಲ್ಕು ವಾರದೊಳಗೆ ಜ್ವರ, ಬಾಯಿ ಹುಣ್ಣು, ಕೆಂಗಣ್ಣು, ಮುಟ್ಟಿದರೆ ನೋಯುವ ದದ್ದು, ಗುಳ್ಳೆ ಕಂಡರೆ ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಟ್ಟಗಾಯದವರಿಗೆ ಮಾಡುವಂಥ ಆರೈಕೆಯೇ ಬೇಕಾಗುತ್ತದೆ. ಅಪಸ್ಮಾರದ ಔಷಧಿ ಕಾರ್ಬಮಜೆಪಿನ್‌ನಿಂದ ಹೀಗಾಗುವ ಅಪಾಯ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪ ಇರುವವರಲ್ಲಿ ಹೆಚ್ಚು, ಅದು ಏಷ್ಯಾ ಮೂಲದ ಹಲವು ಜನರಲ್ಲಿ ಕಾಣುತ್ತದೆ. ಔಷಧಿ ಕೊಡುವ ಮೊದಲೇ ರಕ್ತಪರೀಕ್ಷೆಯಿಂದ ತಿಳಿಯಬಹುದು.

ಮತ್ತೆ ಆ ಫಾರ್ಮಿನ ಸಾಲಿಗೆ

ಪೆನಿಸಿಲಿನ್ ಒಂದೇ ಈ ನಾಲ್ಕನ್ನೂ ಮಾಡಬಲ್ಲದು: ನಿಮಿಷದಲ್ಲಿ ಅನಾಫಿಲಾಕ್ಸಿಸ್, ದಿನಗಳಲ್ಲಿ ಕೆಂಪು ರಕ್ತಕಣಗಳ ನಾಶ, ವಾರಕ್ಕೆ ಸೀರಂ ಕಾಯಿಲೆಯಂಥ ಜ್ವರ, ತಡವಾಗಿ ಮೈತುಂಬ ದದ್ದು. ಹಾಗೆಯೇ ಏನನ್ನೂ ಮಾಡದೆ ಹೆಸರು ಕೆಡಿಸಿಕೊಂಡಿರುವುದೂ ಉಂಟು. ವೈರಸ್ ಜ್ವರದಲ್ಲಿ ಮಗುವಿಗೆ ಎದ್ದ ದದ್ದನ್ನು ಜೊತೆಗೆ ಕೊಟ್ಟ ಮಾತ್ರೆಯ ಲೆಕ್ಕಕ್ಕೆ ಬರೆದಿರುತ್ತಾರೆ. ಪೆನಿಸಿಲಿನ್ ಅಲರ್ಜಿ ಎಂಬ ಪಟ್ಟಿ ಅಂಟಿಸಿಕೊಂಡವರನ್ನು ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಒಗ್ಗುತ್ತದೆ. ನಿಜವಾಗಿ ಇದ್ದವರಲ್ಲೂ ಮೊದಲ ಬಗೆಯದು ವರ್ಷಗಳು ಕಳೆದಂತೆ ಮಾಸಬಹುದು. ಸ್ಟೀವನ್ಸ್-ಜಾನ್ಸನ್ ಆದವರಿಗೆ ಮಾತ್ರ ಈ ಮಾತು ಸಲ್ಲದು. ಅವರು ಆ ಔಷಧಿಯನ್ನು ಮತ್ತೆಂದೂ ಮುಟ್ಟುವಂತಿಲ್ಲ. ಯಾರಿಗೇ ಆಗಲಿ, ಈ ಪರೀಕ್ಷೆ ಮನೆಯಲ್ಲಿ ಮಾಡುವಂಥದ್ದಲ್ಲ.

ಆ ಸಾಲಿನಲ್ಲಿ ಬರೆಯಬೇಕಾದ್ದು ಹೀಗೆ: ಔಷಧಿಯ ಹೆಸರು, ಯಾವ ವರ್ಷ, ಎಷ್ಟನೆಯ ಡೋಸಿಗೆ, ತೆಗೆದುಕೊಂಡ ಎಷ್ಟು ಹೊತ್ತಿಗೆ ಶುರುವಾಯಿತು, ಮೈಯಲ್ಲಿ ಏನು ಕಂಡಿತು, ಏನು ಕೊಟ್ಟ ಮೇಲೆ ಇಳಿಯಿತು. ದದ್ದು ಎದ್ದಾಗಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ವೈದ್ಯರ ಮುಂದೆ ಕೂರುವ ಹೊತ್ತಿಗೆ ಅದು ಸಾಮಾನ್ಯವಾಗಿ ಮಾಯವಾಗಿರುತ್ತದೆ.